ಟ್ರೇ ನೋಡುವ ಊರಿನಲ್ಲಿ

ಆಷಾಢದ ಒಂದು ಬುಧವಾರ, ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ, ನಾನು ಮುಳಬಾಗಿಲಿನ ಒಂದು ನರ್ಸಿಂಗ್ ಹೋಮಿನ ಮಹಡಿಯಲ್ಲಿ ಆಪರೇಷನ್ ಮೇಜಿನ ತಲೆಯ ಕಡೆ ನಿಂತಿದ್ದೆ. ಅರಿವಳಿಕೆ ಕೊಡುವ ವೈದ್ಯ ನಿಲ್ಲುವ ಜಾಗ ಅದೇ. ಎಡಕ್ಕೆ ಕಿಟಕಿ, ಬಲಕ್ಕೆ ಬಾಗಿಲು, ಎದುರಿಗೆ ಹಸಿರು ಬಟ್ಟೆಯ ಅಡ್ಡಪರದೆ. ಪರದೆಯ ಆಚೆ ಡಾಕ್ಟರ್ ಶ್ರೀಕಂಠಯ್ಯನವರು ಒಬ್ಬ ಹೆಂಗಸಿನ ಗರ್ಭಕೋಶ ತೆಗೆದು, ಹೊಟ್ಟೆ ಹೊಲಿಯಲು ಶುರು ಮಾಡಿದ್ದರು. ನಾನು ಆ ಊರಿಗೆ ಬಂದು ಇನ್ನೂ ವಾರ ತುಂಬಿರಲಿಲ್ಲ.

ನರ್ಸ್ ಸರಸ್ವತಿಯವರು ಗರ್ಭಕೋಶವನ್ನು ಸ್ಟೀಲಿನ ಟ್ರೇಯಲ್ಲಿಟ್ಟು, ಮೇಲೊಂದು ಬಟ್ಟೆ ಮುಚ್ಚಿ ಹೊರಗೆ ಹೋದರು. ತಪಾಸಣೆಗೆ ಕಳಿಸಲು ಹೋಗುತ್ತಿದ್ದಾರೆ ಎಂದುಕೊಂಡೆ. ಬಾಗಿಲು ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಆ ಸಂದಿಯಲ್ಲಿ ನನಗೆ ಕಂಡದ್ದು ಇಷ್ಟು. ವರಾಂಡದ ಬೆಂಚಿನ ಮೇಲಿದ್ದವರೆಲ್ಲ ಒಟ್ಟಿಗೆ ಎದ್ದು ನಿಂತರು. ಗಂಡಸರು ಮುಂದೆ, ಹೆಂಗಸರು ಸೆರಗು ಬಾಯಿಗೆ ಹಿಡಿದು ಹಿಂದೆ. ಸರಸ್ವತಿ ಬಟ್ಟೆ ಸರಿಸಿದರು. ಬಿಳಿ ಪಂಚೆಯ ಮುದುಕರೊಬ್ಬರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಟ್ರೇಯ ಮೇಲೆ ಬಗ್ಗಿದರು.

"ತಿಪ್ಪು ತಲ್ಲೀ, ಆ ಪಕ್ಕ ಗೂಡಾ ಸೂಡಾಲ."

ತಿರುಗಿಸು ತಾಯಿ, ಆ ಕಡೆಯೂ ನೋಡಬೇಕು ಎಂದರ್ಥ. ಅದು ನನಗೆ ಆಮೇಲೆ ತಿಳಿದದ್ದು. ಸರಸ್ವತಿ ಇಕ್ಕಳದಿಂದ ಅದನ್ನು ಮಗುಚಿ ತೋರಿಸಿದರು.

"ಎಲ್ಲೂ ಹರ್ದಿಲ್ಲ ತಾತಾ. ಪೂರ್ತಿ ಇದೆ, ನೋಡ್ಕೊಳಿ."

ಒಬ್ಬ ಯುವಕ ಮೊಬೈಲಿನಲ್ಲಿ ಫೋಟೊ ತೆಗೆದ. ಮುದುಕರು ಕನ್ನಡಕ ಕಳಚಿ ತಲೆಯಾಡಿಸಿದ ಮೇಲೆ ಎಲ್ಲರೂ ಕೂತರು. ನಾನು ಕಲಿತ ದೊಡ್ಡ ಆಸ್ಪತ್ರೆಯಲ್ಲಿ ತೆಗೆದ ಅಂಗ ಡಬ್ಬಿಗೆ ಬೀಳುತ್ತಿತ್ತು, ಡಬ್ಬಿ ಪ್ರಯೋಗಾಲಯಕ್ಕೆ ಹೋಗುತ್ತಿತ್ತು. ಬಂಧುಗಳ ಮುಂದೆ ಹಾಜರುಪಡಿಸುವುದನ್ನು ನಾನು ಕಂಡಿರಲಿಲ್ಲ. ರೋಗಿಯ ನಾಡಿಯ ಮೇಲಿದ್ದ ನನ್ನ ಬೆರಳು ಒಂದು ಕ್ಷಣ ಲೆಕ್ಕ ತಪ್ಪಿತು.

ನನ್ನೂರು ಬೀಳಗಿಯಲ್ಲಿ ಕೂತು ಇದನ್ನು ಓದುವವರಿಗೆ ಮೊದಲು ಈ ಸೀಮೆಯನ್ನು ಸ್ವಲ್ಪ ಹೇಳಬೇಕು. ನಮ್ಮದು ಹಿನ್ನೀರಿಗೆ ಊರು ಬಿಟ್ಟುಕೊಟ್ಟವರ ಸೀಮೆ. ನೀರು ಹೆಚ್ಚಾಗಿ ನಾವು ಎದ್ದೆವು. ಇಲ್ಲಿ ಹರಿಯುವ ನದಿಯೇ ಇಲ್ಲ. ಕೆರೆ ಇವೆ, ಕೆಲವು ವರ್ಷ ತುಂಬುತ್ತವೆ, ಕೆಲವು ವರ್ಷ ಜಾಲಿ ಬೆಳೆಯುತ್ತದೆ. ಕೊಳವೆಬಾವಿಯ ಆಳವನ್ನು ಜನ ಮಕ್ಕಳ ವಯಸ್ಸು ಹೇಳಿದಂತೆ ಹೇಳುತ್ತಾರೆ. ನಮ್ಮ ಕಡೆ ನೆಲ ಕಪ್ಪು, ಕಣ್ಣು ಹಾಯುವಷ್ಟೂ ಬಯಲು. ಇಲ್ಲಿ ಬಂಡೆಯ ಮೇಲೆ ಬಂಡೆ ಕೂತ ಗುಡ್ಡಗಳು, ನಡುವೆ ಟೊಮೇಟೊ, ಹಿಪ್ಪುನೇರಳೆ, ನೀಲಗಿರಿ. ಶ್ರೀನಿವಾಸಪುರದ ಕಡೆ ಹೋದರೆ ಮಾವಿನ ತೋಪು. ಈ ನಾಲ್ಕು ತಾಲ್ಲೂಕುಗಳಲ್ಲಿ, ಎಂದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ, ಸಣ್ಣ ನರ್ಸಿಂಗ್ ಹೋಮುಗಳಿಗೆ ಓಡಾಡುತ್ತಿದ್ದ ಅರಿವಳಿಕೆ ವೈದ್ಯರೊಬ್ಬರು ವಯಸ್ಸಾಗಿ ಕೆಲಸ ಬಿಟ್ಟಿದ್ದರು. ಆ ಜಾಗಕ್ಕೆ ನಾನು ಬಂದೆ.

ಮನೆ ಸಿಗುವುದು ಕಷ್ಟವಾಯಿತು. "ಒಬ್ರೇನಾ?" ಎಂದು ಕೇಳಿ ಬಾಗಿಲು ಹಾಕಿದವರೇ ಹೆಚ್ಚು. ಕೊನೆಗೆ ತಾಯಲೂರು ರಸ್ತೆಯ ಕಡೆ, ಊರಂಚಿನಲ್ಲಿ, ಮುನಿರತ್ನಮ್ಮನವರ ಮನೆಯ ಮಹಡಿ ಸಿಕ್ಕಿತು. ನಲವತ್ತು ದಾಟಿದ, ಎತ್ತರದ, ಜೋರು ದನಿಯ ಹೆಂಗಸು. ಗಂಡ ಟೊಮೇಟೊ ಲಾರಿ ಓಡಿಸುತ್ತಾರೆ, ಮನೆಯಲ್ಲಿರುವುದು ಕಡಿಮೆ. ಮನೆಯ ಯಜಮಾನಿಕೆ ಮಾವ ಮುನಿವೆಂಕಟಪ್ಪನವರದು. ಮನೆಯ ಹಿಂದೆ ಹುಳುಮನೆ ಇತ್ತು, ಎಂದರೆ ರೇಷ್ಮೆ ಹುಳು ಸಾಕುವ ಉದ್ದನೆಯ ಶೀಟಿನ ಕೊಠಡಿ. ಅದನ್ನು ನಡೆಸುವವರು ಮುನಿರತ್ನಮ್ಮ. ಅವರು ಬಾಡಿಗೆಗಿಂತ ಮುಂಚೆ ಷರತ್ತು ಹೇಳಿದರು.

"ಸೊಳ್ಳೆಬತ್ತಿ ಹಚ್ಚಂಗಿಲ್ಲ. ಊದುಬತ್ತಿನೂ ಇಲ್ಲ. ಬೀಡಿ, ಸಿಗ್ರೇಟು, ಸೆಂಟು, ಏನೂ ಇಲ್ಲ. ಹುಳಕ್ಕೆ ಆಗಲ್ಲ."

"ಸೊಳ್ಳೆ ಕಚ್ಚಿದರೆ?"

"ಕಚ್ಚಲಿ ಬಿಡಿ. ನಿಮಗೆ ಡಾಕ್ಟ್ರು ಸಿಗ್ತಾರೆ, ನಮ್ಮ ಹುಳಕ್ಕೆ ಯಾರ್ ಸಿಗ್ತಾರೆ?" ಆಮೇಲೆ ಮೂಗು ಸುಕ್ಕಿಸಿ ಹೇಳಿದರು: "ಆ ಆಸ್ಪತ್ರೆ ವಾಸನೆ ಹೊತ್ಕೊಂಡು ಹಿಂದ್ಗಡೆ ಬರಬೇಡಿ ಮತ್ತೆ. ಕೈಕಾಲು ತೊಳ್ಕೊಂಡು ಬನ್ನಿ."

ಮೊದಲ ತಿಂಗಳುಗಳ ಒಂಟಿತನ ಬಾಯಿಯಲ್ಲೇ ಶುರುವಾಯಿತು. ಜೋಳದ ರೊಟ್ಟಿ ಅಗಿದು ಬೆಳೆದ ಹಲ್ಲಿಗೆ ರಾಗಿಮುದ್ದೆ ಸಿಕ್ಕಿತು, ಅದನ್ನು ಅಗಿಯಬಾರದಂತೆ. ಹುರುಳಿ ಸಾರಿನಲ್ಲಿ ಅದ್ದಿ ನುಂಗಬೇಕು. ನಾನು ಅಗಿಯುವುದನ್ನು ನೋಡಿ ಮುನಿವೆಂಕಟಪ್ಪನವರು ಮುಖ ತಿರುಗಿಸಿ ನಕ್ಕರು. ಮಾತಿನ ಕಷ್ಟ ಇನ್ನೊಂದು. ಇಲ್ಲಿನವರು ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಾರೆ. ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸುವ ಅರಿವಳಿಕೆಯಲ್ಲಿ ರೋಗಿ ಎಚ್ಚರವಾಗಿರುತ್ತಾರೆ. ಅವರನ್ನು ಕೇಳಿ ಕೇಳಿಯೇ ಮದ್ದು ಹತ್ತಿತೇ ಎಂದು ತಿಳಿಯಬೇಕು. ನೋವಿದೆಯೇ ಎನ್ನಲು ನಮ್ಮ ಕಡೆಯ ಮಾತಿನಲ್ಲಿ "ಬ್ಯಾನಿ ಐತೇನು?" ಎಂದು ನಾನು ಕೇಳಿದರೆ ಅವರು ಸರಸ್ವತಿಯವರ ಮುಖ ನೋಡುತ್ತಿದ್ದರು. ನೋವಿಗೆ ನೊಪ್ಪಿ, ತಣ್ಣಗಿದೆಯೇ ಎನ್ನಲು ಸಲ್ಲಗ ಉಂದಾ ಎಂದು ಸರಸ್ವತಿ ಕಲಿಸಿಕೊಟ್ಟರು. "ಕಾಲು ಎತ್ತು" ಎನ್ನುವುದು ಮಾತ್ರ ಎರಡು ಭಾಷೆಯಲ್ಲೂ ಒಂದೇ. ಒಂದು ದಿನ ಹಾಗೆಂದಾಗ ತೆಲುಗಿನ ಅಜ್ಜಿಯೊಬ್ಬಳು ಎತ್ತಲು ನೋಡಿ, ಆಗದೆ, "ಲೇಯಲೇದು ನಾಯನಾ" ಎಂದು ನನ್ನನ್ನೇ ನೋಡಿ ಹೇಳಿದಳು. ಏಳುತ್ತಿಲ್ಲ ಮಗನೇ, ಎಂದು. ಆ ದಿನ ಊರು ಒಂದಿಷ್ಟು ಹತ್ತಿರವಾಯಿತು.

ಕೆಲಸದಲ್ಲಿ ನಾನು ಹೆಚ್ಚು ಕಂಡದ್ದು ಗರ್ಭಕೋಶದ ಆಪರೇಷನ್ನುಗಳನ್ನೇ. ಬೇಡದ್ದನ್ನು ಮಾಡುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ಶ್ರೀಕಂಠಯ್ಯನವರು ಮಾತ್ರೆ, ಇಂಜೆಕ್ಷನ್ ಎಲ್ಲ ಕೊಟ್ಟು ನೋಡಿಯೇ ಕತ್ತಿ ಹಿಡಿಯುತ್ತಿದ್ದವರು. ಅವರ ಕೈ ಶಾಂತವಾಗಿತ್ತು. ಆದರೆ ಅವರು ತೆಗೆಯುತ್ತಿದ್ದದ್ದು ಹೊಟ್ಟೆ ಕೊಯ್ದೇ. ಗರ್ಭಕೋಶ ದೊಡ್ಡದಿರಲಿ, ಮುಷ್ಟಿಯಷ್ಟಿರಲಿ, ಹೊಕ್ಕುಳ ಕೆಳಗೆ ಉದ್ದನೆಯ ಕೊಯ್ತ. ಬೇರೆ ದಾರಿಗಳಿವೆ. ಹೊಟ್ಟೆಗೆ ಸಣ್ಣ ತೂತುಗಳನ್ನು ಮಾಡಿ ಕ್ಯಾಮೆರಾ ಇಳಿಸಿ ತೆಗೆಯಬಹುದು. ಅದಕ್ಕೆ ಬೇಕಾದ ಯಂತ್ರ ಸಣ್ಣ ಊರಿನ ನರ್ಸಿಂಗ್ ಹೋಮಿನಲ್ಲಿ ಇರುವುದಿಲ್ಲ. ಇನ್ನೊಂದು, ಕೆಳಗಿನ ದಾರಿ. ಮಗು ಹೊರಬರುವ ಹಾದಿಯಿಂದಲೇ ಗರ್ಭಕೋಶವನ್ನು ತೆಗೆಯುವುದು. ಅದಕ್ಕೆ ಯಂತ್ರ ಬೇಡ, ಹೊಟ್ಟೆಯ ಮೇಲೆ ಗಾಯವೂ ಇಲ್ಲ. ಎಲ್ಲರಿಗೂ ಆಗುವುದಿಲ್ಲ, ಆದರೆ ಅನೇಕರಿಗೆ ಆಗುತ್ತದೆ. ಕೋಲಾರದಲ್ಲಿ ಡಾಕ್ಟರ್ ಶಾಹಿನಾ ಎಂಬವರು ಹಾಗೆ ಮಾಡುವುದನ್ನು ಅವರ ಮೇಜಿನ ತಲೆಯ ಕಡೆ ನಿಂತು ನಾನೇ ನೋಡುತ್ತಿದ್ದೆ. ಅವರ ರೋಗಿಗಳು ಮರುದಿನ ಎದ್ದು ಓಡಾಡುತ್ತಿದ್ದರು.

ಪರದೆಯ ಆಚೆಗಿನ ವಿಷಯ ಅರಿವಳಿಕೆಯವನದಲ್ಲ ಎಂಬ ರೂಢಿ ನಮ್ಮ ಕೆಲಸದಲ್ಲಿದೆ. ಕೊಯ್ತ ಎಲ್ಲಿ ಎಂದು ನಾವು ಕೇಳುವುದಿಲ್ಲ. ಮಾಲೂರಿನಲ್ಲಿ ಒಂದು ಘಟನೆ ನಡೆದ ಮೇಲೆ ಮಾತ್ರ ನಾನು ಕೇಳಿದೆ.

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಕಲ್ಲಿನ ವಿಗ್ರಹ ಕೆತ್ತುತ್ತಾರೆ. ಅಲ್ಲಿನ ಶಿಲ್ಪಿಯೊಬ್ಬರ ಹೆಂಡತಿ, ಶ್ರೀಕಂಠಯ್ಯನವರೂ ಸರಸ್ವತಿಯವರೂ ಹೋಗಿ ಆಪರೇಷನ್ ಮಾಡುತ್ತಿದ್ದ ಮಾಲೂರಿನ ನರ್ಸಿಂಗ್ ಹೋಮಿಗೆ ಬಂದಿದ್ದರು. ಗಂಡ ಕೆತ್ತಿದ ವಿಗ್ರಹಗಳನ್ನು ಉಜ್ಜಿ ನಯ ಮಾಡುವುದು ಆಕೆಯ ಕೆಲಸ. ಕಲ್ಲಿನ ಧೂಳು ಕುಡಿದ ಕೆಮ್ಮು ಇತ್ತು, ಸಕ್ಕರೆ ಕಾಯಿಲೆ ಇತ್ತು. ಗರ್ಭಕೋಶ ಚಿಕ್ಕದು. ಹೊಟ್ಟೆ ಕೊಯ್ದೇ ತೆಗೆದರು. ಟ್ರೇ ಹೊರಗೆ ಹೋದಾಗ ಆ ಶಿಲ್ಪಿ ಬಹಳ ಹೊತ್ತು ನೋಡಿದರು. "ಒಂಚೂರೂ ಮುಕ್ಕಾಗಿಲ್ಲ. ಒಳ್ಳೆ ಕೈ," ಎಂದು ತಮ್ಮ ಜೊತೆಯವರಿಗೆ ಹೇಳಿದ್ದು ನನಗೆ ಕೇಳಿಸಿತು. ಮುಕ್ಕಾದ ವಿಗ್ರಹಕ್ಕೆ ಪೂಜೆಯಿಲ್ಲ ಎಂದು ತಿಳಿದವರ ಮೆಚ್ಚುಗೆ ಅದು.

ಕೆಲವು ದಿನಕ್ಕೆ ಆಕೆ ಮಂಚದ ಮೇಲೆ ಕೂತು ಕೆಮ್ಮುವಾಗ ಹೊಲಿಗೆ ಬಿಚ್ಚಿ ಹೊಟ್ಟೆ ತೆರೆದುಕೊಂಡಿತು. ನನ್ನನ್ನು ಕರೆದರು. ನಾನು ಮತ್ತೆ ಅರಿವಳಿಕೆ ಕೊಟ್ಟೆ, ಶ್ರೀಕಂಠಯ್ಯನವರು ಮತ್ತೆ ಹೊಲಿದರು. ಆಕೆ ಎಚ್ಚರಗೊಂಡು ನೀರು ಕೇಳಿದರು. ಎರಡು ದಿನ ಚೆನ್ನಾಗಿದ್ದರು. ಮೂರನೆಯ ದಿನ ಬೆಳಿಗ್ಗೆ ಎಬ್ಬಿಸಿ ಕೂರಿಸುವಾಗ ಉಸಿರು ಕಟ್ಟಿತು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದು ಶ್ವಾಸಕೋಶಕ್ಕೆ ಏರಿತ್ತೆಂದು ಕಾಣುತ್ತದೆ. ಬೇರೊಂದು ಆಪರೇಷನ್ನಿಗೆ ಅಲ್ಲೇ ಬಂದಿದ್ದ ನಾನು, ಸರಸ್ವತಿ, ಶ್ರೀಕಂಠಯ್ಯನವರು ಮೂವರೂ ಸರದಿಯಲ್ಲಿ ಎದೆ ಒತ್ತಿದೆವು. ಆಕೆ ಉಳಿಯಲಿಲ್ಲ.

ಕೆಳಗಿನಿಂದ ತೆಗೆದಿದ್ದರೆ ಆಕೆ ಬದುಕುತ್ತಿದ್ದರು ಎಂದು ನಾನು ಹೇಳಲಾರೆ. ಯಾರೂ ಹೇಳಲಾರರು. ಬಿಚ್ಚಿಕೊಳ್ಳಲು ಹೊಟ್ಟೆಯ ಮೇಲೆ ಹೊಲಿಗೆ ಇರುತ್ತಿರಲಿಲ್ಲ. ಅಷ್ಟನ್ನು ಹೇಳಬಲ್ಲೆ.

ಹಿಂದಿರುಗುವಾಗ ಶ್ರೀಕಂಠಯ್ಯನವರೇ ಕಾರು ಓಡಿಸುತ್ತಿದ್ದರು. ಸರಸ್ವತಿ ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಿದ್ದರು. ನಾನು ಕೇಳಿದೆ.

"ಸಾರ್, ಗರ್ಭಕೋಶ ಚಿಕ್ಕದಿತ್ತು. ಕೆಳಗಿನಿಂದ ಆಗುತ್ತಿತ್ತಾ?"

"ಆಗ್ತಿತ್ತು."

ಅವರು ಅಷ್ಟು ನೇರವಾಗಿ ಹೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಅವರೇ ಕೇಳಿದರು.

"ಟ್ರೇನಲ್ಲಿ ಏನ್ ಇಡ್ಲಿ, ಹೇಳಿ?"

ಆಮೇಲೆ ಹೇಳಿದ್ದು ಇದು. ಅವರು ಕಲಿಯುವಾಗ ಕೆಳಗಿನ ದಾರಿಯನ್ನೇ ಚೆನ್ನಾಗಿ ಕಲಿತಿದ್ದರು. ಈ ಕಡೆ ಬಂದ ಹೊಸದರಲ್ಲಿ ಹಾಗೇ ಮಾಡುತ್ತಿದ್ದರು. ಗರ್ಭಕೋಶ ಸ್ವಲ್ಪ ದಪ್ಪಗಿದ್ದರೆ ಕೆಳಗಿನ ಕಿರಿದಾದ ಹಾದಿಯಲ್ಲಿ ಇಡಿಯಾಗಿ ಬರುವುದಿಲ್ಲ. ಒಳಗೇ ಎರಡು ಹೋಳು ಮಾಡಿ ತೆಗೆಯುತ್ತಾರೆ. ಪುಸ್ತಕದಲ್ಲಿರುವ ಕ್ರಮವೇ ಅದು. ಶ್ರೀನಿವಾಸಪುರದಲ್ಲಿ ಒಮ್ಮೆ ಹಾಗೆ ತೆಗೆದ ಎರಡು ಹೋಳು ಟ್ರೇಯಲ್ಲಿ ಹೊರಗೆ ಹೋದವು. ಡಾಕ್ಟರ್ ಹರಿದುಹಾಕಿದ್ದಾನೆ, ಇನ್ನೊಂದು ತುಂಡು ಒಳಗೇ ಉಳಿದಿದೆ ಎಂದು ಬಂಧುಗಳು ಕೂಗಾಡಿದರು. ಹೆಂಗಸನ್ನು ಅದೇ ಸ್ಥಿತಿಯಲ್ಲಿ ಗಾಡಿಗೆ ಹಾಕಿಕೊಂಡು ಸ್ಕ್ಯಾನ್ ಮಾಡಿಸಲು ಹೊತ್ತೊಯ್ದರು. ಒಳಗೆ ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ಕಥೆ ಮಾವಿನ ಮಂಡಿಯಿಂದ ಮಂಡಿಗೆ ಹೋಗಿ, ನಾಲ್ಕು ತಾಲ್ಲೂಕೂ ಸುತ್ತಿತ್ತು.

"ಅವತ್ತಿಂದ ಹೊಟ್ಟೆನೇ," ಎಂದರು. "ಇಡಿಯಾಗಿ ಬರುತ್ತೆ, ನೋಡ್ತಾರೆ, ಕೂತ್ಕೋತಾರೆ. ನನ್ನ ಕೊಯ್ತನ ಆ ಟ್ರೇ ತೀರ್ಮಾನ ಮಾಡುತ್ತೆ ಕಣ್ರೀ."

ಸರಸ್ವತಿ ಹಿಂದಿನಿಂದ ಮೆಲ್ಲಗೆ ಹೇಳಿದರು, "ಟ್ರೇ ಹಿಡಿಯೋಳು ನಾನು ಸಾರ್. ಅವತ್ತು ನನ್ನ ಸೆರಗು ಹಿಡಿದು ಎಳೆದಿದ್ರು."

ನಾನು ಈ ವಿಷಯವನ್ನು ಕೋಲಾರದಲ್ಲಿ ಶಾಹಿನಾ ಅವರಿಗೆ ಹೇಳಿದೆ. ನೀವು ಒಮ್ಮೆ ಬಂದು ಅವರ ಜೊತೆ ನಿಲ್ಲಬಾರದೇ ಎಂದು ಕೇಳಿದೆ. ಅವರು ಚಹಾ ಲೋಟ ಕೆಳಗಿಟ್ಟು ಯೋಚಿಸಿದರು.

"ಬರ್ತೀನಿ. ಆದ್ರೆ ಅವರೇ ಕರೀಬೇಕು. ನೀವು ಕರ್ಕೊಂಡ್ಹೋದ್ರೆ ಪಾಠ ಹೇಳೋಕೆ ಬಂದ್ಳು ಅಂತಾಗುತ್ತೆ. ಅವರು ನನಗಿಂತ ಎಷ್ಟು ದೊಡ್ಡೋರು. ಕೈ ಗೊತ್ತಿರೋರಿಗೆ ಪುಸ್ತಕ ತೋರಿಸಬಾರದು ಸಾರ್. ಪಕ್ಕದಲ್ಲಿ ನಿಂತ್ಕೋಬೇಕು, ಅಷ್ಟೇ."

ಶ್ರೀಕಂಠಯ್ಯನವರು ಕರೆಯಲಿಲ್ಲ. ಒಂದು ಮಳೆಗಾಲ ಹೋಯಿತು.

ಈ ನಡುವೆ ಕೆಳಮನೆಯ ಮುನಿರತ್ನಮ್ಮ ಬಿಳಿಚಿಕೊಳ್ಳುತ್ತ ಬಂದಿದ್ದರು. ಗರ್ಭಕೋಶದಲ್ಲಿ ಗಡ್ಡೆ, ತಿಂಗಳಿಗೆ ಹತ್ತು ಹನ್ನೆರಡು ದಿನ ರಕ್ತಸ್ರಾವ. ಶ್ರೀಕಂಠಯ್ಯನವರೇ ನೋಡುತ್ತಿದ್ದರು. ಮಾತ್ರೆ ಆಯಿತು. ಗರ್ಭಕೋಶದೊಳಗೆ ಇಡುವ ಔಷಧದ ಸಾಧನ ಇಟ್ಟರು, ಅದು ಜಾರಿ ಹೊರಬಂತು. ಎರಡು ಸಲ ರಕ್ತ ಕೊಟ್ಟರು. ಒಂದು ಮಧ್ಯಾಹ್ನ ನಾನು ಕೈಕಾಲು ತೊಳೆದು ಹುಳುಮನೆಯ ಕಡೆ ಹೋದಾಗ ಅವರು ಸೊಪ್ಪಿನ ಹೊರೆಯ ಮೇಲೆ ಕೂತಿದ್ದರು. ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕಳೆದ ಮೇಲೆ ಅವು ತಿನ್ನುವ ಸದ್ದು ಹಂಚಿನ ಮೇಲೆ ಹನಿ ಬಿದ್ದಂತೆ ಕೇಳುತ್ತದೆ. ಆ ಸದ್ದಿನಲ್ಲಿ ಅವರು ಸುಮ್ಮನೆ ಕೂತಿದ್ದರು.

"ಮೇಲ್ ತಟ್ಟೆಗೆ ಕೈ ಎತ್ತಿದ್ರೆ ಕಣ್ ಕತ್ಲೆ ಬರ್ತದೆ ಸಾರ್. ತೆಗಿಸ್ಬಿಡು ಅಂತವ್ರೆ ದೊಡ್ಡ ಡಾಕ್ಟ್ರು."

"ತೆಗೆಸುವುದೇ ಸರಿ ಅಕ್ಕಾ. ಎಲ್ಲ ನೋಡಿ ಆಯಿತು."

"ಮಾಲೂರಲ್ಲಿ ಒಬ್ಬಾಯಮ್ಮ ಹೊಟ್ಟೆ ಬಿಚ್ಕೊಂಡು ಸತ್ತೋದ್ರಂತಲ್ಲ. ನೀವಿದ್ರಾ ಅಲ್ಲಿ?"

"ಇದ್ದೆ."

ಅವರು ಒಂದು ಎಲೆಯ ತೊಟ್ಟನ್ನು ಉಗುರಿನಿಂದ ಸೀಳುತ್ತ ಕೇಳಿದರು, "ನೀವು ತಲೆ ಹತ್ರ ನಿಂತ್ಕೊಂಡು ಎಲ್ಲಾ ನೋಡ್ತೀರ. ನಾನು ನಿಮ್ಮ ಸ್ವಂತ ಅಕ್ಕ ಆಗಿದ್ರೆ ಹೆಂಗ್ ಮಾಡಿಸ್ತಿದ್ರಿ?"

ಇಂಥ ಪ್ರಶ್ನೆಗೆ ನಮ್ಮ ವೃತ್ತಿಯಲ್ಲಿ ಸಿದ್ಧ ಉತ್ತರಗಳಿವೆ. ಅವು ನಾಲಿಗೆಗೆ ಬರಲಿಲ್ಲ. ಎರಡು ಹೆರಿಗೆಯೂ ಸಹಜವಾಗಿ ಆದವರು, ಹೊಟ್ಟೆಗೆ ಹಿಂದೆ ಕತ್ತಿ ಬಿದ್ದಿಲ್ಲ, ಗಡ್ಡೆ ತೀರ ದೊಡ್ಡದಲ್ಲ. ಅವರ ಸ್ಕ್ಯಾನನ್ನು ನಾನು ನೋಡಿದ್ದೆ.

"ಕೆಳಗಿನಿಂದ ಆಗುತ್ತದೆಯೇ ಎಂದು ಕೇಳುತ್ತಿದ್ದೆ," ಎಂದೆ. ಟ್ರೇಯ ವಿಷಯವನ್ನೂ ಹೇಳಿದೆ, ಎರಡು ಹೋಳಾಗಿ ಬರಬಹುದೆಂದೂ ಹೇಳಿದೆ. ಅವರು ಎದ್ದು ಸೆರಗು ಸಿಕ್ಕಿಸಿಕೊಂಡು ಹುಳುಗಳಿಗೆ ಸೊಪ್ಪು ಹಾಕಲು ಹೋದರು.

ಮರುವಾರ ಶ್ರೀಕಂಠಯ್ಯನವರ ಕೋಣೆಯಲ್ಲಿ, ಆಪರೇಷನ್ನಿಗೆ ಮುಂಚಿನ ನನ್ನ ಪರೀಕ್ಷೆಗಾಗಿ ನಾನೂ ಇದ್ದೆ. ಕೆಳಗಿನಿಂದ ಆಗುತ್ತದೆಯೇ ಎಂದು ಮುನಿರತ್ನಮ್ಮ ನೇರವಾಗಿ ಕೇಳಿದರು. ಶ್ರೀಕಂಠಯ್ಯನವರು ನನ್ನ ಕಡೆ ಒಮ್ಮೆ ನೋಡಿ, ಪೆನ್ನಿನ ಮುಚ್ಚಳ ಹಾಕಿದರು.

"ನೀನು ಹೇಳ್ತೀಯಮ್ಮಾ. ನಿಮ್ಮ ಮಾವ ಹೊರಗಡೆ ಕೂತಿರ್ತಾರೆ. ಎರಡು ಹೋಳಾಗಿ ಬಂದ್ರೆ ಅವರಿಗೆ ಯಾರು ಹೇಳೋದು?"

"ಅದು ಯಾರದು ಸಾರ್? ನಂದಲ್ವಾ?"

"ನಿಂದೇ."

"ಮತ್ತೆ ನನಗೆ ತೋರಿಸಿ. ಬೆನ್ನಿಗೆ ಸೂಜಿ ಕೊಟ್ರೆ ಎಚ್ರ ಇರ್ತದೆ ಅಂತ ಈ ಸಾರ್ ಹೇಳವ್ರೆ. ಮೊದ್ಲು ನಾನು ನೋಡ್ತೀನಿ. ಆಮೇಲೆ ಮಾವನ್ಗೆ ನಾನು ಹೇಳ್ಕೊತೀನಿ. ಅವರ್ ಜೊತೆ ಇಪ್ಪತ್ತು ವರ್ಷದಿಂದ ಬಾಳ್ತಾ ಇರೋಳು ನಾನಾ, ನೀವಾ?"

ಶ್ರೀಕಂಠಯ್ಯನವರಿಗೆ ನಗು ಬಂತು, ಅರ್ಧಕ್ಕೇ ನಿಂತಿತು. "ಇಷ್ಟು ವರ್ಷದಲ್ಲಿ ಯಾವ ಹೆಂಗಸೂ ನನಗೆ ತೋರಿಸಿ ಅಂದಿಲ್ಲ," ಎಂದರು. "ನಾವೂ ಕೇಳಲಿಲ್ಲ ಅನ್ನಿ." ಆಮೇಲೆ ಫೋನು ಎತ್ತಿಕೊಂಡರು.

"ಶಾಹಿನಾ, ನಾನಮ್ಮ, ಶ್ರೀಕಂಠಯ್ಯ. ಗುರುವಾರ ಬೆಳಿಗ್ಗೆ ಬಿಡುವಿದ್ಯಾ? ಕೆಳಗಿಂದ ಒಂದು ಮಾಡ್ಬೇಕು. ನನಗೆ ಅಭ್ಯಾಸ ತಪ್ಪಿಹೋಗಿದೆ. ನನ್ನ ಪಕ್ಕ ನಿಂತ್ಕೋ."

ಗುರುವಾರ ನಾನು ಮುನಿರತ್ನಮ್ಮನವರ ತಲೆಯ ಬಳಿ, ಅವರ ಬಲಗಿವಿಗೆ ಹತ್ತಿರ ನಿಂತಿದ್ದೆ. ಮಂಪರು ಬರಿಸುವ ಮದ್ದು ಬೇಡವೆಂದರು. ಪರದೆಯ ಆಚೆ ಶ್ರೀಕಂಠಯ್ಯನವರು ಸ್ಟೂಲಿನ ಮೇಲೆ ಕೂತಿದ್ದರು. ಶಾಹಿನಾ ಅವರ ಬಲಕ್ಕೆ ನಿಂತಿದ್ದರು. ಶಾಹಿನಾ ಆಡಿದ ಮಾತು ಕಡಿಮೆ. "ಹೌದು ಸಾರ್, ಅದೇ. ಇನ್ನು ಚೂರು ಮೇಲೆ. ಅವಸರ ಇಲ್ಲ."

ಒಂದು ಹಂತದಲ್ಲಿ ಎಡಗಡೆಯ ರಕ್ತನಾಳ ಕಟ್ಟಿನಿಂದ ಜಾರಿತು. ಹೀರುವ ಯಂತ್ರದ ಸದ್ದು ಬದಲಾಯಿತು. ನನ್ನ ಮಾನಿಟರಿನ ಮೇಲೆ ರಕ್ತದೊತ್ತಡ ಇಳಿಯತೊಡಗಿತು. ನಾನು ಹೇಳಿದೆ. ಮೊದಲೇ ರಕ್ತ ಕಡಿಮೆ ಇದ್ದ ದೇಹ ಅದು. ತರಿಸಿಟ್ಟಿದ್ದ ರಕ್ತದ ಚೀಲ ಹಚ್ಚಿದೆ. ಶ್ರೀಕಂಠಯ್ಯನವರ ದನಿ ಗಟ್ಟಿಯಾಗಿತ್ತು.

"ಹೊಟ್ಟೆ ತೆರೀಲಾ?"

"ನಿಮ್ಮ ರೋಗಿ ಸಾರ್, ನೀವು ಹೇಳಿ," ಎಂದರು ಶಾಹಿನಾ. "ತೆರೆದ್ರೂ ತಪ್ಪಿಲ್ಲ. ಆದ್ರೆ ನಾಳ ನನಗೆ ಕಾಣ್ತಾ ಇದೆ. ಬೆಳಕು ಈ ಕಡೆ ತಿರುಗಿಸಿ ಸಿಸ್ಟರ್."

ಮುನಿರತ್ನಮ್ಮ ಕಣ್ಣು ಮೇಲೆತ್ತಿ ನನ್ನನ್ನು ನೋಡಿದರು. "ಏನಾಯ್ತು ಸಾರ್?"

"ಸ್ವಲ್ಪ ರಕ್ತ ಹೋಗುತ್ತಿದೆ ಅಕ್ಕಾ. ಹಿಡಿಯುತ್ತಿದ್ದಾರೆ."

ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಸೊಪ್ಪು ಕೊಯ್ದು ಬಿರುಸಾದ ಬೆರಳು. ಎಷ್ಟು ಹೊತ್ತು ಎಂದು ನಾನು ಹೇಳಲಾರೆ. ಆಮೇಲೆ ಶ್ರೀಕಂಠಯ್ಯನವರು "ಸಿಕ್ತು" ಎಂದರು. ಇಕ್ಕಳ ಕಚ್ಚಿದ ಸದ್ದು ನನಗೆ ಕೇಳಿಸಿತು. ಒತ್ತಡ ನಿಂತಿತು, ಆಮೇಲೆ ಮೆಲ್ಲಗೆ ಏರಿತು.

ಗರ್ಭಕೋಶ ಎರಡು ಹೋಳಾಗಿಯೇ ಬಂತು. ಸರಸ್ವತಿ ಅದನ್ನು ಟ್ರೇಯಲ್ಲಿಟ್ಟು, ರೂಢಿಯಂತೆ ಬಾಗಿಲ ಕಡೆ ತಿರುಗಿದರು.

"ಆ ಕಡೆ ಅಲ್ಲ," ಎಂದರು ಶ್ರೀಕಂಠಯ್ಯನವರು. "ತಲೆ ಕಡೆ."

ಸರಸ್ವತಿ ಪರದೆಯನ್ನು ಸುತ್ತಿಬಳಸಿ ನನ್ನ ಪಕ್ಕಕ್ಕೆ ಬಂದರು. ನಾನು ಮುನಿರತ್ನಮ್ಮನವರ ತಲೆಯ ಕೆಳಗೆ ಕೈ ಕೊಟ್ಟು ಸ್ವಲ್ಪ ಎತ್ತಿದೆ. ಸರಸ್ವತಿ ಎರಡು ಹೋಳುಗಳನ್ನೂ ಇಕ್ಕಳದಿಂದ ಪಕ್ಕಪಕ್ಕಕ್ಕೆ ತಂದು ಜೋಡಿಸಿದರು.

"ಇಷ್ಟೇನಾ?"

"ಇಷ್ಟೇ ಅಕ್ಕಾ."

"ನನ್ನ ಇಬ್ರೂ ಇದ್ರಾಗೇ ಇದ್ರಾ?"

"ಹ್ಞೂ."

ಅವರು ಇನ್ನಷ್ಟು ಹೊತ್ತು ನೋಡಿದರು. "ಒಳಗೆ ಹುಳ ಕೋಶಕ್ಕೆ ತಿರುಗೈತಾ ಅಂತ ರೇಷ್ಮೆಗೂಡು ಕೊಯ್ದು ನೋಡ್ತೀವಲ್ಲ, ಹಂಗೈತೆ," ಎಂದರು. ಆಮೇಲೆ, "ಸಾಕು. ಮುಚ್ಚಿ."

ವರಾಂಡದಲ್ಲಿ ಮುನಿವೆಂಕಟಪ್ಪನವರು ಟ್ರೇ ನೋಡಿ ದನಿ ಏರಿಸಿದರು. ಹರಿದುಹೋಗಿದೆ, ಅರ್ಧ ಒಳಗೇ ಇದೆ, ಎಂದು ತೆಲುಗಿನಲ್ಲಿ ಕೂಗಿದರು. ಅವರ ಜೊತೆ ಬಂದ ನಾಲ್ಕೈದು ಮಂದಿ ಸರಸ್ವತಿಯವರ ಸುತ್ತ ನಿಂತರು. ಸರಸ್ವತಿ ಟ್ರೇಯನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿಯುವುದನ್ನು ನಾನು ಸ್ಟ್ರೆಚರಿನ ತಲೆಯ ಕಡೆಯಿಂದ ನೋಡಿದೆ. ಅಷ್ಟರಲ್ಲಿ ನಾವು ಬಾಗಿಲು ದಾಟಿದೆವು.

"ಮಾವಾ," ಎಂದರು ಮುನಿರತ್ನಮ್ಮ. ದನಿ ಸಣ್ಣದಾಗಿತ್ತು. ಆದರೂ ಎಲ್ಲರೂ ತಿರುಗಿದರು. "ನಾ ಕಂಡ್ಲತೋ ನೇನೇ ಸೂಸಿನಾ. ಲೋಪಲ ಏಮೀ ಲೇದು."

ನನ್ನ ಕಣ್ಣಿನಿಂದ ನಾನೇ ನೋಡಿದೆ. ಒಳಗೆ ಏನೂ ಇಲ್ಲ.

ಮುದುಕರು ಸೊಸೆಯ ಮುಖವನ್ನೇ ದಿಟ್ಟಿಸಿದರು. "ನುವ್ವು ಸೂಸಿನಾವಾ?"

"ಸೂಸಿನಾ. ಅಮ್ಮನ್ನ ಬಿಡಿ, ದಾರಿ ಕೊಡಿ."

ಅವರು 'ಅಮ್ಮ' ಎಂದದ್ದು ಸರಸ್ವತಿಯವರನ್ನು. ಮುನಿವೆಂಕಟಪ್ಪನವರು ಪಕ್ಕಕ್ಕೆ ಸರಿದರು. ಹೆಗಲ ಮೇಲಿದ್ದ ಟವೆಲನ್ನು ತೆಗೆದು, ಸ್ಟ್ರೆಚರಿನಲ್ಲಿ ಹೊರಗೆ ಕಾಣುತ್ತಿದ್ದ ಸೊಸೆಯ ಪಾದದ ಮೇಲೆ ಹೊದಿಸಿದರು.

ಮುನಿರತ್ನಮ್ಮ ಮರುದಿನ ನಡೆದಾಡಿದರು. ಕೆಳಗಿನಿಂದ ಮಾಡಿದರೂ ಕೆಲವು ವಾರ ಭಾರ ಎತ್ತುವಂತಿಲ್ಲ. ಅವರು ಅದಕ್ಕೆ ಮುಂಚೆಯೇ ಸೊಪ್ಪಿನ ಹೊರೆಗೆ ಕೈ ಹಾಕಿ ಶ್ರೀಕಂಠಯ್ಯನವರಿಂದ ಬೈಸಿಕೊಂಡರು.

ಆ ದಿನದಿಂದ ಎಲ್ಲ ಬದಲಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಶ್ರೀಕಂಠಯ್ಯನವರು ಆಮೇಲೂ ಹೊಟ್ಟೆ ತೆರೆದರು. ಕೆಲವರಿಗೆ ತೆರೆಯಲೇಬೇಕಿತ್ತು. ಆದರೆ ಪ್ರತಿ ಹೆಂಗಸಿಗೂ ಮೊದಲು ಕೆಳಗಿನ ದಾರಿ ಆಗುತ್ತದೆಯೇ ಎಂದು ನೋಡತೊಡಗಿದರು. ಮೊದಮೊದಲು ಶಾಹಿನಾ ಬಂದು ನಿಲ್ಲುತ್ತಿದ್ದರು, ಆಮೇಲೆ ಅಗತ್ಯ ಬೀಳಲಿಲ್ಲ. ಹಿಂದಿನ ದಿನವೇ ಮನೆಯವರನ್ನು ಕೂರಿಸಿ, ಹೋಳಾಗಿ ಬರಬಹುದು ಎಂದು ಕಾಗದದ ಮೇಲೆ ಗೀಟು ಹಾಕಿ ತೋರಿಸುತ್ತಿದ್ದರು. ಹೆಂಗಸನ್ನು, ನೀನು ನೋಡ್ತೀಯಾ ಎಂದು ಕೇಳುತ್ತಿದ್ದರು. ಕೆಲವರು ಹೂಂ ಎಂದರು. ಹೆಚ್ಚಿನವರು ಬೇಡವೆಂದರು. ಕೇಳುವುದು ಮಾತ್ರ ನಿಲ್ಲಲಿಲ್ಲ. ಶ್ರೀನಿವಾಸಪುರದಲ್ಲಿ, ಹಿಂದೆ ಕೂಗಾಟವಾದ ಅದೇ ಕಟ್ಟಡದಲ್ಲಿ, ಅವರು ಮತ್ತೆ ಕೆಳಗಿನಿಂದ ಮಾಡಿದ ದಿನ ಕೈ ತೊಳೆಯುತ್ತ ನಿಂತವರು ಬಹಳ ಹೊತ್ತು ನಲ್ಲಿ ನಿಲ್ಲಿಸಲಿಲ್ಲ.

ಹೋದ ವರ್ಷ ನಾನು ಬೀಳಗಿಗೆ ಬಂದಿದ್ದೆ. ಅತ್ತೆಯ ಮಗಳಿಗೆ ಬಾಗಲಕೋಟೆಯಲ್ಲಿ ಇದೇ ಆಪರೇಷನ್ ಇತ್ತು. ಅಲ್ಲಿ ನಾನು ವೈದ್ಯನಲ್ಲ, ನೆಂಟ. ವರಾಂಡದ ಬೆಂಚಿನ ಮೇಲೆ ಎಲ್ಲರ ಜೊತೆ ಕೂತಿದ್ದೆ. ಬಾಗಿಲು ತೆರೆಯಿತು. ನರ್ಸ್ ಟ್ರೇ ಹಿಡಿದು ಬಂದಳು. ನಮ್ಮವರೆಲ್ಲ ಎದ್ದು ನಿಂತರು, ನಾನೂ ಎದ್ದೆ. ಕೋಲಾರದ ಸೀಮೆಯ ವಿಚಿತ್ರವೆಂದು ನಾನು ಇಷ್ಟು ವರ್ಷ ಎಣಿಸಿದ್ದು ನನ್ನ ಮನೆಯಲ್ಲೂ ಇತ್ತು. ಹದಿನೇಳಕ್ಕೆ ಊರು ಬಿಟ್ಟು ದೊಡ್ಡ ಆಸ್ಪತ್ರೆ ಸೇರಿದವನಿಗೆ ಅದು ಕಂಡಿರಲಿಲ್ಲ. ಗರ್ಭಕೋಶ ಇಡಿಯಾಗಿತ್ತು. ಹೊಟ್ಟೆ ಕೊಯ್ದಿದ್ದರು. ಮಾವ ನನ್ನ ಹೆಗಲ ಮೇಲೆ ಕೈಯಿಟ್ಟು, "ಪೂರಾ ಬಂದೈತಿಲ್ಲೋ ತಮ್ಮಾ, ನೀ ನೋಡಿ ಹೇಳು," ಎಂದರು. ನಾನು ನೋಡಿದೆ. ಪೂರಾ ಬಂದಿದೆ ಎಂದೆ. ಆ ಸರ್ಜನ್ ಯಾರು, ಅವರ ಪಕ್ಕದಲ್ಲಿ ನಿಲ್ಲಬಲ್ಲವರು ಯಾರಿದ್ದಾರೆ ಎಂದು ಹೊರಡುವ ಮುಂಚೆ ವಿಚಾರಿಸಿದೆ. ನಾಲ್ಕು ತಾಲ್ಲೂಕಿನಲ್ಲಿ ನನಗೆ ಗೊತ್ತಿರುವಷ್ಟು ಮುಖ ಅಲ್ಲಿ ನನಗೆ ಗೊತ್ತಿರಲಿಲ್ಲ.

ಅವ್ವ ಅಣ್ಣನ ಮನೆಯ ಕಟ್ಟೆಯ ಮೇಲೆ ಕೂತು ಕೇಳಿದಳು, "ಅಲ್ಲೇ ಇರಾಂವೇನು?"

"ಗೊತ್ತಿಲ್ಲ ಅವ್ವಾ," ಎಂದೆ. ಅದು ನಿಜ. ಬೀಳಗಿಯಲ್ಲಿ ನನ್ನನ್ನು ಈಗ ಕೋಲಾರದ ಡಾಕ್ಟ್ರು ಎನ್ನುತ್ತಾರೆ. ಮುಳಬಾಗಿಲಿನಲ್ಲಿ ಬಿಜಾಪುರದೋರು ಎನ್ನುತ್ತಾರೆ, ಬಿಜಾಪುರ ನನ್ನ ಜಿಲ್ಲೆಯಲ್ಲ ಎಂದು ಎಷ್ಟು ಹೇಳಿದರೂ. ಕನಸು ಬೀಳುವುದು ಇನ್ನೂ ನಮ್ಮ ಮಾತಿನಲ್ಲಿ. ಎಚ್ಚರವಾದಾಗ ರೋಗಿಯನ್ನು ಕೇಳುವ ಮಾತು ತೆಲುಗಿನಲ್ಲಿ ಬರುತ್ತದೆ.

ಇಲ್ಲಿ ಬರೆದದ್ದನ್ನು ನನ್ನೊಬ್ಬನ ಮಾತಿನ ಮೇಲೆ ನಂಬಬೇಕಾಗಿಲ್ಲ. ಶ್ರೀಕಂಠಯ್ಯನವರು ಈಗಿಲ್ಲ, ಕಳೆದ ಚಳಿಗಾಲದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮುನಿವೆಂಕಟಪ್ಪನವರೂ ಇಲ್ಲ. ಶಿವಾರಪಟ್ಟಣದ ಆ ಶಿಲ್ಪಿ ಇದ್ದಾರೆ, ಕೆತ್ತುತ್ತಿದ್ದಾರೆ. ಮಾಲೂರಿನ ಆಪರೇಷನ್, ಮುಳಬಾಗಿಲಿನ ಆಪರೇಷನ್ ಎರಡನ್ನೂ ಕಂಡವರು ಸರಸ್ವತಿ. ಅವರು ಈಗ ಕೋಲಾರದಲ್ಲಿ, ಶಾಹಿನಾ ಅವರ ಜೊತೆ ಕೆಲಸ ಮಾಡುತ್ತಾರೆ. ಶಾಹಿನಾ ಇದ್ದಾರೆ. ಮುನಿರತ್ನಮ್ಮ ಇದ್ದಾರೆ. ಅವರನ್ನು ಕೇಳಿ.